ಮರಳ ಮೇಲೆ ಬೆಳಕಿನ ಮಳೆ: ಮಣ್ಣಿನ ಕೃಷಿಯ ಮಾತು ತಿಳಿಸಲು ಎಆರ್ ಸ್ಯಾಂಡ್‌ಬಾಕ್ಸ್ ಎಷ್ಟು ಸಾಕು?

ಅಂಗೈ ಅಗಲಿಸಿ ಮರಳಿನಿಂದ ಒಂದಿಷ್ಟು ಮೇಲೆ ಹಿಡಿದರೆ ಕೈಯ ಕೆಳಗೆ ನೀಲಿ ನೀರು ಕಾಣಿಸಿಕೊಳ್ಳುತ್ತದೆ. ಮರಳಿನ ದಿಬ್ಬದ ನೆತ್ತಿಯಿಂದ ಇಳಿದು, ಎರಡು ಕವಲಾಗಿ, ತಗ್ಗು ಹುಡುಕಿಕೊಂಡು ಹೋಗಿ ಅಲ್ಲಿ ಮಡುಗಟ್ಟುತ್ತದೆ. ಆ ದಾರಿಗೆ ಅಡ್ಡಲಾಗಿ ಒಂದು ಸಣ್ಣ ಏರಿ ಕಟ್ಟಿದರೆ ಕೆಲವೇ ಕ್ಷಣದಲ್ಲಿ ನೀರು ಅಲ್ಲಿ ತಡೆದು, ಏರಿಯ ಉದ್ದಕ್ಕೂ ಹರಡಿ ನಿಲ್ಲುತ್ತದೆ. ಮರಳು ನಿಜ, ನೀರು ಬರೀ ಬೆಳಕು. ಇದೇ ಎಆರ್ ಸ್ಯಾಂಡ್‌ಬಾಕ್ಸ್, ಎಂದರೆ ನಿಜವಾದ ಮರಳಿನ ಮೇಲೆ ಕಂಪ್ಯೂಟರಿನ ಚಿತ್ರ ಬೆರೆಸಿ ತೋರಿಸುವ (ಆಗ್ಮೆಂಟೆಡ್ ರಿಯಾಲಿಟಿ) ಪೆಟ್ಟಿಗೆ. ಮೇಲಿರುವ ಆಳ ಅಳೆಯುವ ಕ್ಯಾಮೆರಾ ಮರಳಿನ ಏರಿಳಿತವನ್ನು ಓದುತ್ತಲೇ ಇರುತ್ತದೆ, ಪ್ರೊಜೆಕ್ಟರ್ ಅದರ ಮೇಲೆ ಬಣ್ಣ, ಸಮಪಾತಳಿ ರೇಖೆ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ), ನೀರು ಮೂರನ್ನೂ ಚೆಲ್ಲುತ್ತದೆ.

ಮಣ್ಣಿನ ಜೀವವನ್ನು ಮರಳಿ ಕಟ್ಟುವ ಪುನರುಜ್ಜೀವಕ ಕೃಷಿಯ ತರಬೇತಿಗೆ, ಕೃಷಿ ಮೇಳಕ್ಕೆ, ಶಾಲೆಗೆ ಇದನ್ನು ತರಬಹುದೇ ಎಂದು ಯೋಚಿಸುವವರಿಗಾಗಿ ಈ ವಿಮರ್ಶೆ. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ನೆಲದ ಆಕಾರಕ್ಕೂ ನೀರಿನ ಓಟಕ್ಕೂ ಇರುವ ನಂಟನ್ನು ಇಷ್ಟು ಬೇಗ, ಇಷ್ಟು ಆಳವಾಗಿ ಮನಸ್ಸಿಗೆ ಇಳಿಸುವ ಇನ್ನೊಂದು ದೃಶ್ಯ ಸಾಧನ ಸಿಗುವುದು ಕಷ್ಟ. ಆದರೆ ಈ ಪೆಟ್ಟಿಗೆಗೆ ಮಣ್ಣು ಗೊತ್ತಿಲ್ಲ. ಬೇರು, ಹೊದಿಕೆ, ಎರೆಹುಳುವಿನ ಬಿಲ, ಅಣಬೆಯ ಎಳೆ ಯಾವುದೂ ಅದರ ಲೆಕ್ಕದಲ್ಲಿಲ್ಲ. ಇದೊಂದನ್ನೇ ಇಟ್ಟುಕೊಂಡು ಕಾರ್ಯಕ್ರಮ ಮುಗಿಸಿದರೆ, ನೋಡಿದವರು "ಬದು ಹಾಕಿದರೆ ಆಯಿತು" ಎಂಬ ಪಾಠ ಹೊತ್ತು ಮನೆಗೆ ಹೋಗುತ್ತಾರೆ. ಅದು ಅರ್ಧ ಸತ್ಯ. ಉಳಿದರ್ಧಕ್ಕೆ ಪಕ್ಕದಲ್ಲಿ ಎರಡು ಮಣ್ಣಿನ ತಟ್ಟೆಗಳು ಬೇಕೇ ಬೇಕು.

ಈ ಸಾಧನ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ರೂಪುಗೊಂಡಿತು. ತಂತ್ರಾಂಶ ಬರೆದವರು ಆಲಿವರ್ ಕ್ರೇಲೋಸ್. ಮುಕ್ತ ತಂತ್ರಾಂಶವಾದ್ದರಿಂದ ಯಾರು ಬೇಕಾದರೂ ಇಳಿಸಿಕೊಂಡು ಕಟ್ಟಬಹುದು. ಕಟ್ಟಿದ ಪೆಟ್ಟಿಗೆಯನ್ನೇ ಮಾರುವವರೂ ಇದ್ದಾರೆ. ಆದರೆ ಕ್ಯಾಮೆರಾ, ಪ್ರೊಜೆಕ್ಟರ್, ಮರಳು ಮೂರರ ನಡುವಿನ ಹೊಂದಾಣಿಕೆ ಕೆಟ್ಟಾಗ ಸರಿಮಾಡಲು ಒಳಗಿನ ಕೆಲಸ ಗೊತ್ತಿರಬೇಕು, ಹಾಗಾಗಿ ಕೈಯಾರೆ ಕಟ್ಟುವುದೇ ಲೇಸು.

ಬೇಕಾದ ಸಾಮಾನು ಇಷ್ಟು. ಸುಮಾರು 100 ಸೆಂ.ಮೀ. ಉದ್ದ, 75 ಸೆಂ.ಮೀ. ಅಗಲದ ಮರದ ಪೆಟ್ಟಿಗೆ, ಅಂದರೆ 4:3 ಅನುಪಾತ. ಮರಳಿನ ದಪ್ಪ 10 ಸೆಂ.ಮೀ. ಅದರಿಂದ ಒಂದು ಮೀಟರ್ ಎತ್ತರದಲ್ಲಿ ನೇರ ಕೆಳಗೆ ನೋಡುವ ಮೊದಲ ತಲೆಮಾರಿನ ಕೈನೆಕ್ಟ್, ಅಂದರೆ ಮೈಕ್ರೋಸಾಫ್ಟಿನ ಆಟದ ಯಂತ್ರಕ್ಕೆಂದು ಬಂದ ಆಳ ಅಳೆಯುವ ಕ್ಯಾಮೆರಾ. ಹತ್ತಿರದಿಂದಲೇ ದೊಡ್ಡ ಚಿತ್ರ ಬೀಳಿಸುವ 4:3 ಪ್ರೊಜೆಕ್ಟರ್, 1024×768 ಬಿಂದುಗಳಿದ್ದರೆ ಸಾಕು. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ, ಲಿನಕ್ಸ್ ನಡೆಸುವ ಕಂಪ್ಯೂಟರ್. ಗ್ರಾಫಿಕ್ಸ್ ಕಾರ್ಡಿನಲ್ಲಿ ಕಾಸು ಉಳಿಸಲು ಹೋಗಬಾರದು. ನೀರಿನ ಲೆಕ್ಕ ಪೂರ್ತಿ ಅದರ ಮೇಲೆಯೇ ನಡೆಯುತ್ತದೆ. ಕಾರ್ಡ್ ದುರ್ಬಲವಾದರೆ ಬೆಟ್ಟದ ಬಣ್ಣ ಬರುತ್ತದೆ, ನೀರು ಮಾತ್ರ ಮುಗ್ಗರಿಸುತ್ತಾ ಹರಿಯುತ್ತದೆ. ವಿಂಡೋಸ್ ಒಳಗೆ ಲಿನಕ್ಸನ್ನು ವರ್ಚುವಲ್ ಯಂತ್ರವಾಗಿ ನಡೆಸಿ ಕೆಲಸ ಸಾಗಿಸುವ ಆಸೆಯನ್ನೂ ಬಿಡಬೇಕು.

ಪೆಟ್ಟಿಗೆಯ ಭಾರವನ್ನು ಹೆಚ್ಚಿನವರು ಮರೆಯುತ್ತಾರೆ. ಮೇಲಿನ ಅಳತೆಗೆ 75 ಲೀಟರ್ ಮರಳು ಹಿಡಿಯುತ್ತದೆ, ಒಣಗಿದ್ದಾಗಲೇ ಅದು 110ರಿಂದ 120 ಕಿಲೋ. ಅದರ ಮೇಲೆ ನಾಲ್ಕಾರು ಜನ ಮೊಣಕೈ ಊರುತ್ತಾರೆ. ಕಾಲುಗಳು ಸ್ವಲ್ಪ ಅಲುಗಿದರೂ ಮೇಲಿನ ಕಂಬ ಅಲುಗುತ್ತದೆ, ಕಂಬ ಅಲುಗಿದರೆ ಕ್ಯಾಮೆರಾ ಕದಲುತ್ತದೆ, ರೇಖೆಗಳು ಮರಳಿನಿಂದ ಪಕ್ಕಕ್ಕೆ ಸರಿದುಬಿಡುತ್ತವೆ. ಸಾಧ್ಯವಾದರೆ ಕ್ಯಾಮೆರಾ ಮತ್ತು ಪ್ರೊಜೆಕ್ಟರಿನ ಕಂಬವನ್ನು ಪೆಟ್ಟಿಗೆಗೆ ತಾಗದಂತೆ ಬೇರೆಯಾಗಿಯೇ ನಿಲ್ಲಿಸಬೇಕು.

ಮರಳು ಬಿಳಿಯಾಗಿರಲಿ, ಸಣ್ಣ ಕಾಳಿನದಾಗಿರಲಿ, ತೊಳೆದು ದೂಳು ತೆಗೆದದ್ದಾಗಿರಲಿ. ಕಪ್ಪು ಅಥವಾ ಕೆಂಪು ಮರಳು ಪ್ರೊಜೆಕ್ಟರಿನ ಬೆಳಕನ್ನು ನುಂಗಿಬಿಡುತ್ತದೆ, ಹಸಿರು ಹಸಿರಾಗಿ ಕಾಣುವುದಿಲ್ಲ. ಸಿಂಪಡಿಸುವ ಬಾಟಲಿಯಿಂದ ತುಸು ತೇವ ಮಾಡಿಕೊಂಡರೆ ಬದು ಕುಸಿಯದೆ ನಿಲ್ಲುತ್ತದೆ, ದೂಳೂ ಏಳುವುದಿಲ್ಲ. ನೀರು ಹೆಚ್ಚಾಗಿ ಮೇಲ್ಮೈ ಹೊಳೆಯತೊಡಗಿದರೆ ಕ್ಯಾಮೆರಾ ಚೆಲ್ಲುವ, ಕಣ್ಣಿಗೆ ಕಾಣದ ಅವಗೆಂಪು (ಇನ್ಫ್ರಾರೆಡ್) ಬೆಳಕು ಪಕ್ಕಕ್ಕೆ ಪ್ರತಿಫಲಿಸಿ ಅಲ್ಲಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಕೈ ಒದ್ದೆಯಾಗಬಾರದು. ಅಷ್ಟೇ ಹದ.

ಕೈನೆಕ್ಟ್ ಈಗ ಹೊಸದಾಗಿ ತಯಾರಾಗುತ್ತಿಲ್ಲ, ಹಳೆಯದನ್ನೇ ಹುಡುಕಬೇಕು. ಆಟದ ಯಂತ್ರದ ಜೊತೆ ಬಂದದ್ದಾದರೆ ಅದರ ತುದಿ ಸಾಮಾನ್ಯ ಯುಎಸ್‌ಬಿ ಅಲ್ಲ. ವಿದ್ಯುತ್ ಕೂಡ ಕೊಡುವ ಅಡಾಪ್ಟರ್ ಸಮೇತ ಕೊಳ್ಳದಿದ್ದರೆ ಕ್ಯಾಮೆರಾ ಕೈಯಲ್ಲಿದ್ದೂ ಕೆಲಸಕ್ಕೆ ಬಾರದು. ಯುಎಸ್‌ಬಿ ಹಬ್‌ಗೆ ಚುಚ್ಚದೆ ಕಂಪ್ಯೂಟರಿಗೇ ನೇರ ಜೋಡಿಸಬೇಕು. ಇನ್ನೊಂದು ಸಂಗತಿ ಕೃಷಿ ಮೇಳ ನಡೆಸುವವರಿಗೆ ಬಹಳ ಮುಖ್ಯ: ಈ ಕ್ಯಾಮೆರಾ ಬಿಸಿಲಲ್ಲಿ ಕುರುಡು. ಅದು ಚೆಲ್ಲುವ ಅವಗೆಂಪು ಚುಕ್ಕಿಗಳನ್ನು ಸೂರ್ಯನ ಬೆಳಕು ಮುಳುಗಿಸಿಬಿಡುತ್ತದೆ. ತೆಳು ಬಟ್ಟೆಯ ಶಾಮಿಯಾನವೂ ಸಾಲದು, ನಾಲ್ಕೂ ಕಡೆ ಕತ್ತಲು ಮಾಡಿದ ಕೋಣೆಯೇ ಬೇಕು. ಹೊಲದ ಬದಿಯಲ್ಲಿ ತೋರಿಸಬೇಕೆಂಬ ಆಸೆ ಇದ್ದರೆ ಕತ್ತಲಾದ ಮೇಲೆ ಮಾತ್ರ.

ಹೊಂದಾಣಿಕೆಯ ಕೆಲಸ ಮೂರು ಹೆಜ್ಜೆಯದು. ಮೂರರಲ್ಲೂ ಎಡವುವವರಿದ್ದಾರೆ. ಮೊದಲನೆಯದು, ಪ್ರತಿ ಕೈನೆಕ್ಟಿನೊಳಗೂ ಅಡಗಿರುವ ಅದರದೇ ಅಳತೆಯ ದತ್ತಾಂಶವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು. ಇದನ್ನು ಬಿಟ್ಟು ಮುಂದೆ ಹೋದರೆ ಅಲ್ಲಿಂದಾಚೆಗಿನ ಎಲ್ಲ ಅಳತೆಯೂ ಸೊಟ್ಟಗಾಗುತ್ತದೆ. ಎರಡನೆಯದು, ಮರಳನ್ನು ಹಲಗೆಯಿಂದ ಸಮಗೊಳಿಸಿ ತಳದ ಸಮತಲವನ್ನು ಗುರುತಿಸಿ, ಪೆಟ್ಟಿಗೆಯ ನಾಲ್ಕು ಮೂಲೆಗಳನ್ನು ಕಡತಕ್ಕೆ ಬರೆಯುವುದು. ಮೂಲೆಗಳ ಕ್ರಮ ಕೆಳ ಎಡ, ಕೆಳ ಬಲ, ಮೇಲಿನ ಎಡ, ಮೇಲಿನ ಬಲ. ಗಡಿಯಾರದಂತೆ ಸುತ್ತುಹಾಕಿ ಬರೆದರೆ ಚಿತ್ರ ತಿರುಚಿಕೊಳ್ಳುತ್ತದೆ. ಮೂರನೆಯದು, ಪ್ರೊಜೆಕ್ಟರನ್ನು ಕ್ಯಾಮೆರಾದ ಜೊತೆ ಕೂಡಿಸುವುದು. ಬಿಳಿ ಕಾಗದ ಅಂಟಿಸಿದ ಹಳೆ ಸಿಡಿಯ ನಡುವೆ ಕೂಡುಗೆರೆ ಬರೆದು, ಪ್ರೊಜೆಕ್ಟರ್ ತೋರಿಸುವ ಗುರುತಿಗೆ ಅದನ್ನು ಸರಿಯಾಗಿ ಹಿಡಿದು ಒಪ್ಪಿಗೆ ಒತ್ತುತ್ತಾ ಹೋಗಬೇಕು, 12 ಜಾಗದಲ್ಲಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಹನ್ನೆರಡನ್ನೂ ಒಂದೇ ಎತ್ತರದಲ್ಲಿ ಹಿಡಿಯುವುದು. ಒಂದೇ ಸಮತಲದ ಬಿಂದುಗಳಿಂದ ಎತ್ತರದ ಲೆಕ್ಕ ಬಿಡಿಸಲಾಗದು. ಕೆಲವನ್ನು ಮರಳು ಬಗೆದು ತಗ್ಗಿನಲ್ಲಿ, ಕೆಲವನ್ನು ಮರಳಿನ ಮಟ್ಟದಲ್ಲಿ, ಕೆಲವನ್ನು ಗೇಣೆತ್ತರದಲ್ಲಿ ಹಿಡಿದರೆ ಮಾತ್ರ ದಿಬ್ಬ ಎತ್ತರಿಸಿದಾಗಲೂ ರೇಖೆ ಅದರ ಮೈಗೆ ಅಂಟಿಕೊಂಡಿರುತ್ತದೆ. ಪ್ರೊಜೆಕ್ಟರಿನ ತಾನೇ ತಾನಾಗಿ ಚೌಕ ತಿದ್ದುವ ಸೌಲಭ್ಯವನ್ನು ಮೊದಲೇ ಆರಿಸಿಡಬೇಕು. ಅದು ಮಧ್ಯದಲ್ಲಿ ಎದ್ದು ಚಿತ್ರ ತಿದ್ದಿದರೆ ಮಾಡಿದ ಹೊಂದಾಣಿಕೆಯೆಲ್ಲ ನೀರಲ್ಲಿ ಹೋಮ.

ಇನ್ನು ಅಸಲು ವಿಷಯ. ಕಾರ್ಖಾನೆಯಿಂದ ಬಂದ ಬಣ್ಣಪಟ್ಟಿಯಲ್ಲಿ ಸಮುದ್ರ, ಕಾಡು, ಹಿಮ ಹೊದ್ದ ಶಿಖರ ಇವೆ. ಮಕ್ಕಳು ಕೂಡಲೇ ಜ್ವಾಲಾಮುಖಿ ಕಟ್ಟುತ್ತಾರೆ. ಹೊಲದ ಮಾತಿಗೆ ಇದು ಆಗದು. ಬಣ್ಣಪಟ್ಟಿ ಒಂದು ಸರಳ ಪಠ್ಯ ಕಡತ, ಅದನ್ನು ತೆರೆದು ನೀಲಿ ಮತ್ತು ಬಿಳಿ ತೆಗೆದು, ತಿಳಿ ಕಂದಿನಿಂದ ಗಾಢ ಕಂದಿಗೆ ಹೋಗುವ ನಾಲ್ಕೈದು ಛಾಯೆ ಕೊಟ್ಟರೆ ನೀಲಿ ಬರೀ ನೀರಿಗೆ ಉಳಿಯುತ್ತದೆ. ಈ ಒಂದು ಬದಲಾವಣೆ ನೋಡುವವರ ಕಣ್ಣನ್ನು ಶಿಖರದಿಂದ ನೀರಿನ ದಾರಿಗೆ ತಿರುಗಿಸುತ್ತದೆ. ಹತ್ತು ನಿಮಿಷದ ಕೆಲಸ, ಫಲ ದೊಡ್ಡದು.

ಅಳತೆಯ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ತಂತ್ರಾಂಶದ ಮೂಲ ಅನುಪಾತ 1:100. ಮರಳಿನ 1 ಸೆಂ.ಮೀ. ಎಂದರೆ ನೆಲದ 1 ಮೀಟರ್. ಹಾಗಾದರೆ 45 ಸೆಂ.ಮೀ. ಎತ್ತರದ ಬದು ಇಲ್ಲಿ 4.5 ಮಿ.ಮೀ. ಆಗುತ್ತದೆ. ಒಂದು ಮೀಟರ್ ದೂರದಲ್ಲಿ ಕೈನೆಕ್ಟ್ ಎತ್ತರವನ್ನು ಓದುವುದೇ ಕೆಲವು ಮಿ.ಮೀ. ಮೆಟ್ಟಿಲುಗಳಲ್ಲಿ. ಬದು ಆ ಮೆಟ್ಟಿಲುಗಳ ನಡುವೆಯೇ ಕಳೆದುಹೋಗುತ್ತದೆ, ನೀರು ಅದನ್ನು ಕಾಣದಂತೆ ದಾಟಿಹೋಗುತ್ತದೆ. ಇಳಿಜಾರಿನದೂ ಇದೇ ಪಾಡು. ಸೇಕಡಾ 2ರ ಇಳಿಜಾರಿನ ಹೊಲ ಪೆಟ್ಟಿಗೆಯ ಒಂದು ಮೀಟರ್ ಉದ್ದದಲ್ಲಿ ಬರೀ 2 ಸೆಂ.ಮೀ. ಇಳಿಯುತ್ತದೆ. ಮೂಲ ಸಮಪಾತಳಿ ಅಂತರ 0.75 ಸೆಂ.ಮೀ., ಅಂದರೆ ಇಡೀ ಹೊಲಕ್ಕೆ ಎರಡೋ ಮೂರೋ ರೇಖೆ. ಅಂತರವನ್ನು ತೀರಾ ಕಡಿಮೆ ಮಾಡಿದರೆ ರೇಖೆಗಳು ಹುಳದಂತೆ ನಡುಗುತ್ತವೆ. ಇಳಿಜಾರನ್ನು ಸೇಕಡಾ 8ರ ಆಸುಪಾಸಿಗೆ ಎತ್ತಿ, ಅಂತರವನ್ನು 0.5 ಸೆಂ.ಮೀ.ಗೆ ಇಟ್ಟು, ಬದುವನ್ನು ಹೆಬ್ಬೆರಳಷ್ಟು ದಪ್ಪ ಮಾಡುವುದೇ ನಡುದಾರಿ. "ಇಲ್ಲಿ ಎಲ್ಲವನ್ನೂ ಹಿಗ್ಗಿಸಿದ್ದೇವೆ" ಎಂದು ಆರಂಭದಲ್ಲೇ ಹೇಳಬೇಕು. ಹೇಳದಿದ್ದರೆ ರೈತರೇ ಕೇಳುತ್ತಾರೆ, ಕೇಳಬೇಕಾದದ್ದೇ.

ಮಳೆಯನ್ನು ಮಿ.ಮೀ. ಲೆಕ್ಕದಲ್ಲಿ ಹೇಳಲೇಬಾರದು. ತಂತ್ರಾಂಶದ ಮೂಲ ಮಳೆ ಸೆಕೆಂಡಿಗೆ 0.25 ಸೆಂ.ಮೀ. ಅದೇ ವೇಗದಲ್ಲಿ ಒಂದು ಗಂಟೆ ಸುರಿದರೆ 9 ಮೀಟರ್! ಅದು ನೀರಿನ ದಾರಿ ತೋರಿಸಲು ಇಟ್ಟ ಮಳೆ, ಯಾವ ಊರಿನ ಮಳೆಯೂ ಅಲ್ಲ.

ಈ ಮಿತಿಗಳ ಒಳಗೆ ಪೆಟ್ಟಿಗೆ ಅದ್ಭುತವಾಗಿ ಕಲಿಸುವ ಒಂದು ಪಾಠವಿದೆ. ಒಂದು ಸಾದಾ ಇಳಿಜಾರು ಮಾಡಿ, ಅದರಲ್ಲಿ ಒಂದು ಕಡೆ ತುಸು ತಗ್ಗಿಸಿ. ನೋಡುವವರಿಗೆ ಕಣ್ಣಂದಾಜಿನಲ್ಲಿ ನೇರ ಬದು ಕಟ್ಟಲು ಹೇಳಿ, ರೇಖೆಗಳನ್ನು ಆರಿಸಿಡಿ. ಮಳೆ ಸುರಿಸಿದರೆ ನೀರೆಲ್ಲ ಬದುವಿನ ಗುಂಟ ಓಡಿ ತಗ್ಗಿನ ಜಾಗದಲ್ಲಿ ಗುಂಪಾಗಿ, ಅಲ್ಲೊಂದೇ ಕಡೆ ಕೋಡಿ ಬೀಳುತ್ತದೆ. ಈಗ ರೇಖೆ ಹಚ್ಚಿ, ಒಂದೇ ರೇಖೆಯ ಗುಂಟ ಬದುವನ್ನು ಸರಿಸಿ ಕಟ್ಟಿಸಿ. ಬದು ಬಿಲ್ಲಿನಂತೆ ಬಾಗುತ್ತದೆ, ನೀರು ಉದ್ದಕ್ಕೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. "ನೇರ ಬದು ಚಂದ" ಎಂಬ ಹಟ ಇಲ್ಲಿ ಮಾತಿಲ್ಲದೆ ಕರಗುತ್ತದೆ. ಸಮಪಾತಳಿಯ ಉಳುಮೆ, ಇಂಗುಗುಂಡಿಯ ಜಾಗ, ಕೋಡಿಯನ್ನು ಎಲ್ಲಿ ಇಡಬೇಕು ಎಂಬುದೆಲ್ಲ ಇದೇ ಆಟದ ಮುಂದುವರಿಕೆ.

ಒಂದು ಎಚ್ಚರಿಕೆ ಇದೆ. ಬೆಳಕಿನ ನೀರು ಮರಳನ್ನು ಕೊರೆಯುವುದಿಲ್ಲ. ನಿಜವಾದ ಹೊಲದಲ್ಲಿ ಆ ಕೋಡಿಯ ಜಾಗದಲ್ಲಿ ಬದು ಒಡೆದು ಕೊರಕಲು ಬೀಳುತ್ತದೆ, ಪೆಟ್ಟಿಗೆಯಲ್ಲಿ ನೀರು ಸುಮ್ಮನೆ ದಾಟಿಹೋಗುತ್ತದೆ. ಹಾಗಾಗಿ ನೀರು ದಾಟಿದ ಜಾಗವನ್ನು ನಡೆಸಿಕೊಡುವವರೇ ಬೆರಳಿನಿಂದ ಸೀಳಿ, ಮತ್ತೆ ಮಳೆ ಸುರಿಸಬೇಕು. ಈ ಸಲ ತಡೆದು ನಿಂತಿದ್ದ ನೀರೆಲ್ಲ ಆ ಸೀಳಿನಿಂದಲೇ ನುಗ್ಗುತ್ತದೆ. ಕೊರಕಲು ಒಮ್ಮೆ ಬಿದ್ದರೆ ಪ್ರತಿ ಮಳೆಯೂ ಅದನ್ನೇ ಹುಡುಕುತ್ತದೆ ಎಂಬುದು ಆಗ ತಿಳಿಯುತ್ತದೆ.

ಇಂಗುವಿಕೆಯ ಕಡೆ ಬಂದರೆ ಪೆಟ್ಟಿಗೆ ಸೋಲುತ್ತದೆ. ನೀರನ್ನು ನಿಧಾನಕ್ಕೆ ಮಾಯಮಾಡುವ ಒಂದು ಆಯ್ಕೆ ತಂತ್ರಾಂಶದಲ್ಲಿದೆ, ಆದರೆ ಅದು ಇಡೀ ಪೆಟ್ಟಿಗೆಗೆ ಒಂದೇ ದರ. ಎಡಗಡೆ ಹೊದಿಕೆ ಬೆಳೆಯ ಹೊಲ, ಬಲಗಡೆ ಬತ್ತಲೆ ಹೊಲ ಎಂದು ವಿಂಗಡಿಸಲಾಗದು. ಮೊದಲು ಆ ದರವನ್ನು ಸೊನ್ನೆಗಿಟ್ಟು ಒಮ್ಮೆ, ಆಮೇಲೆ ಹೆಚ್ಚಿಸಿ ಇನ್ನೊಮ್ಮೆ, ಅದೇ ನೆಲದ ಮೇಲೆ ಮಳೆ ಸುರಿಸಿ ತೋರಿಸುವವರಿದ್ದಾರೆ. ಇದು ನಮಗೆ ಒಪ್ಪಿಗೆಯಿಲ್ಲ. ಸಂಖ್ಯೆ ಬದಲಿಸಿದವರು ನಾವು, ನೀರು ಇಂಗಿದ್ದು ಮಣ್ಣಿನಿಂದಲ್ಲ. ಮಣ್ಣಿನ ಜೀವದ ಬಗ್ಗೆ ಮಾತಾಡುವಾಗ ಸಾಕ್ಷಿ ಮಣ್ಣಿನಿಂದಲೇ ಬರಬೇಕು.

ಆ ಸಾಕ್ಷಿಗೆ ಎರಡು ತಟ್ಟೆ ಸಾಕು. ತಲಾ 45×30 ಸೆಂ.ಮೀ., ಆಳ 8 ಸೆಂ.ಮೀ. ಮುಂದಿನ ಅಂಚಿನಲ್ಲಿ ಹರಿದು ಬರುವ ನೀರಿಗೆ ಒಂದು ತುಟಿ, ತಳದಲ್ಲಿ ಇಂಗಿ ಬರುವ ನೀರಿಗೆ ತೂತುಗಳು. ಪ್ರತಿ ತಟ್ಟೆಗೂ ಎರಡು ಗಾಜಿನ ಜಾಡಿ, ಒಂದು ಮುಂದೆ, ಇನ್ನೊಂದು ಕೆಳಗೆ. ಹಿಂದಿನ ಅಂಚನ್ನು ಎರಡು ಬೆರಳಷ್ಟು ಎತ್ತರಿಸಬೇಕು. ಒಂದರಲ್ಲಿ ಪದೇ ಪದೇ ಉತ್ತು ಬತ್ತಲೆ ಬಿಟ್ಟ ಹೊಲದ ಮಣ್ಣು, ಇನ್ನೊಂದರಲ್ಲಿ ಹೊದಿಕೆ ಇದ್ದು ವರ್ಷಗಳಿಂದ ಉಳುಮೆ ಕಾಣದ ಹೊಲದ ಮಣ್ಣು. ಎರಡೂ ಒಂದೇ ಬಗೆಯ ಮಣ್ಣಾಗಿರಬೇಕು, ಒಂದೇ ದಿನ ತೆಗೆದಿರಬೇಕು. ಬೇಲಿಯ ಆಚೆ ಈಚೆಯ ಹೊಲಗಳಾದರೆ ಇನ್ನೂ ಒಳ್ಳೆಯದು.

1 ಚದರ ಮೀಟರಿಗೆ 1 ಮಿ.ಮೀ. ಮಳೆ ಎಂದರೆ 1 ಲೀಟರ್. ಈ ತಟ್ಟೆಯ ವಿಸ್ತೀರ್ಣ 0.135 ಚದರ ಮೀಟರ್, ಆದ್ದರಿಂದ 25 ಮಿ.ಮೀ. ಮಳೆಗೆ 3.4 ಲೀಟರ್ ನೀರು ಅಳೆದುಕೊಳ್ಳಬೇಕು. ಅದೇ 25 ಮಿ.ಮೀ. ಒಂದು ಹೆಕ್ಟೇರಿಗೆ ಎರಡೂವರೆ ಲಕ್ಷ ಲೀಟರ್ ಆಗುತ್ತದೆ. ಜಾಡಿ ತೋರಿಸುತ್ತಾ ಈ ಲೆಕ್ಕ ಹೇಳಿದರೆ ಮಾತು ಹೊಲಕ್ಕೆ ತಲುಪುತ್ತದೆ. ಮುಚ್ಚಳಕ್ಕೆ ಸಣ್ಣ ತೂತು ಕೊರೆದ ಡಬ್ಬಿಯನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಅತ್ತಿತ್ತ ಆಡಿಸುತ್ತಾ ಸುರಿಯಬೇಕು. ತಟ್ಟೆಗೆ ತೀರಾ ಹತ್ತಿರದಿಂದ ಸುರಿದರೆ ಹನಿಗೆ ಪೆಟ್ಟೇ ಇರುವುದಿಲ್ಲ. ಬತ್ತಲೆ ಮಣ್ಣಿನ ಕತೆ ಇರುವುದೇ ಆ ಪೆಟ್ಟಿನಲ್ಲಿ: ಹನಿ ಬಿದ್ದು ಕಣ ಒಡೆಯುತ್ತದೆ, ಒಡೆದ ಪುಡಿ ರಂಧ್ರಗಳಿಗೆ ಬೂದಿಯಂತೆ ಮೆತ್ತಿಕೊಳ್ಳುತ್ತದೆ, ಮೇಲೆ ಹೆಪ್ಪಳಿಕೆಯ ಪದರ ಕೂರುತ್ತದೆ, ಆಮೇಲಿನ ನೀರಿಗೆ ಒಳದಾರಿ ಇಲ್ಲ.

ಇಲ್ಲಿ ಕೆಡುವುದು ಮಣ್ಣು ತೆಗೆಯುವಾಗ. ಮಣ್ಣನ್ನು ಅಗೆದು, ಪುಡಿಮಾಡಿ, ತಟ್ಟೆಗೆ ತುಂಬಿದರೆ ಫಲಿತಾಂಶ ಸುಳ್ಳು. ಅಗಲ ಸನಿಕೆಯಿಂದ 7 ಸೆಂ.ಮೀ. ದಪ್ಪದ ಮಣ್ಣಿನ ಬಿಲ್ಲೆಯನ್ನು ಇಡಿಯಾಗಿ ಎತ್ತಿ ಇಡಬೇಕು, ಬೇರು ಮತ್ತು ಬಿಲಗಳು ಹಾಗೇ ಇರಬೇಕು. ಬಿಲ್ಲೆಗೂ ತಟ್ಟೆಯ ಗೋಡೆಗೂ ನಡುವೆ ಸಂದು ಉಳಿದರೆ ನೀರು ಅಲ್ಲಿಂದಲೇ ಜಾರಿ ಕೆಳಗಿನ ಜಾಡಿ ತುಂಬುತ್ತದೆ, "ನೋಡಿ ಇಂಗಿತು" ಎಂದು ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಸಂದಿಗೆ ಕಲಸಿದ ಜೇಡಿಮಣ್ಣು ಒತ್ತಿ ಮುಚ್ಚಬೇಕು.

ಸಮಯ ಕಡಿಮೆ ಇದ್ದರೆ ಹೆಂಟೆಯ ಪರೀಕ್ಷೆ ಒಂದೇ ಸಾಕು. ನೆರಳಲ್ಲಿ ಹಲವು ದಿನ ಪೂರ್ತಿ ಒಣಗಿಸಿದ ನೆಲ್ಲಿಕಾಯಿ ಗಾತ್ರದ ಎರಡು ಹೆಂಟೆಗಳನ್ನು ಜಾಲರಿಯ ಮೇಲಿಟ್ಟು ನೀರು ತುಂಬಿದ ಜಾಡಿಯಲ್ಲಿ ಮುಳುಗಿಸಿ. ನೀರು ರಂಧ್ರಗಳಿಗೆ ನುಗ್ಗಿ ಒಳಗಿನ ಗಾಳಿಯನ್ನು ಒತ್ತುತ್ತದೆ. ಬೇರಿನ ಸ್ರಾವ ಮತ್ತು ಅಣಬೆಯ ಎಳೆಗಳ ಅಂಟು ಇರುವ ಹೆಂಟೆ ಅದನ್ನು ತಾಳಿಕೊಳ್ಳುತ್ತದೆ, ಇಲ್ಲದ್ದು ಐದು ನಿಮಿಷದೊಳಗೆ ಬಿಚ್ಚಿ ಜಾಡಿಯ ತಳಕ್ಕೆ ಹಿಟ್ಟಿನಂತೆ ಸುರಿಯುತ್ತದೆ. ಹೆಂಟೆಯಲ್ಲಿ ತೇವ ಉಳಿದಿದ್ದರೆ ಪರೀಕ್ಷೆ ನಡೆಯದು, ಕೆಟ್ಟ ಮಣ್ಣೂ ಗಟ್ಟಿಯಾಗಿ ಕಾಣುತ್ತದೆ. ಇದನ್ನೇ ಅಂಕಿಯಾಗಿ ಬೇಕೆನ್ನುವವರಿಗೆ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸ್ಲೇಕ್ಸ್ ಎಂಬ ಫೋನ್ ಆ್ಯಪ್ ಇದೆ. ಮಣ್ಣಿನ ಸಣ್ಣ ಕಣಗಳು ನೀರಿನಲ್ಲಿ 10 ನಿಮಿಷದಲ್ಲಿ ಎಷ್ಟು ಹರಡಿದವು ಎಂಬುದನ್ನು ಕ್ಯಾಮೆರಾದಿಂದ ಅಳೆದು ಕೊಡುತ್ತದೆ. ಫೋನ್ ಸ್ಟ್ಯಾಂಡಿನಲ್ಲಿ ಅಲುಗದೆ ಇರಬೇಕು, ತಟ್ಟೆಯ ಹಿನ್ನೆಲೆ ಬಿಳಿ ಇರಬೇಕು, ಮೇಲೆ ಯಾರ ನೆರಳೂ ಹಾಯಬಾರದು. ಪರದೆಯಲ್ಲಿ ಅಂಕಿ ಬದಲಾಗುವುದಕ್ಕಿಂತ ಜಾಡಿಯಲ್ಲಿ ಹೆಂಟೆ ಕುಸಿಯುವುದೇ ಜನರಿಗೆ ಹೆಚ್ಚು ತಟ್ಟುತ್ತದೆ. ಅಂಕಿ ದಾಖಲೆಗೆ, ಜಾಡಿ ಕಣ್ಣಿಗೆ.

ಕೊಠಡಿಯಲ್ಲಿ ಇವುಗಳನ್ನು ಇಡುವ ಕ್ರಮವೂ ಫಲಿತಾಂಶ ಬದಲಿಸುತ್ತದೆ. ಸ್ಯಾಂಡ್‌ಬಾಕ್ಸನ್ನು ಮೊದಲು ಇಟ್ಟರೆ ಜನ ಅದಕ್ಕೇ ಅಂಟಿಕೊಂಡು ತಟ್ಟೆಗಳ ಕಡೆ ಬರುವುದೇ ಇಲ್ಲ, ಬಣ್ಣದ ಸೆಳೆತ ಅಷ್ಟಿದೆ. ಬಾಗಿಲ ಬಳಿ ಬೆಳಕಿರುವ ಜಾಗದಲ್ಲಿ ಹೆಂಟೆಯ ಜಾಡಿ, ಆಮೇಲೆ ತಟ್ಟೆಗಳು, ಒಳಗಿನ ಕತ್ತಲಲ್ಲಿ ಪೆಟ್ಟಿಗೆ ಇಡಬೇಕು. ಒಂದು ತಂಡಕ್ಕೆ 8 ಜನರಿಗಿಂತ ಹೆಚ್ಚು ಬೇಡ. ಹೆಚ್ಚಾದರೆ ಹಿಂದಿನವರ ಕೈಗಳು ಅಡ್ಡ ಬಂದು ಬೇಡದ ಕಡೆ ಮಳೆ ಸುರಿಯುತ್ತದೆ. ತೋಳುಗಳನ್ನು ಕ್ಯಾಮೆರಾ ಬೆಟ್ಟವೆಂದೇ ಓದುವುದೂ ಉಂಟು. ಪ್ರತಿ ತಂಡ ಹೊರಟ ಮೇಲೆ ಮರಳನ್ನು ಹಲಗೆಯಿಂದ ಮತ್ತೆ ಅದೇ ಇಳಿಜಾರಿಗೆ ತರಲು ಪೆಟ್ಟಿಗೆಯ ಒಳಗೋಡೆಯಲ್ಲಿ ಪೆನ್ಸಿಲ್ಲಿನಿಂದ ಗೆರೆ ಹಾಕಿಟ್ಟುಕೊಂಡರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಬತ್ತಲೆ ತಟ್ಟೆಯ ಮುಂದಿನ ಜಾಡಿಯಲ್ಲಿ ತುಂಬಿದ ಕೆಸರು ನೀರನ್ನು ಚೆಲ್ಲದೆ ತಂದು ಸ್ಯಾಂಡ್‌ಬಾಕ್ಸಿನ ಅಂಚಿನ ಮೇಲಿಡಿ. ಮರಳ ಮೇಲೆ ನೀಲಿ ನೀರು ಓಡುತ್ತಿರುವಾಗ, ಹೊಲದಿಂದ ಹೊರಟ ನೀರಿನ ನಿಜವಾದ ಬಣ್ಣ ಪಕ್ಕದಲ್ಲೇ ಕಾಣುತ್ತಿರುತ್ತದೆ.